ಒಂದು ರಾತ್ರಿಯ ಬದಲಾವಣೆ ಎಷ್ಟು ಕಾಲ ಉಳಿಯುತ್ತದೆ?

"ಮೇಡಂ, ಕೆಲವು ತಿಂಗಳು ನಾನು ಬೇರೆಯೇ ಮನುಷ್ಯ ಆಗಿದ್ದೆ. ಈಗ ಮತ್ತೆ ಹಳೇ ಚಾಳಿ ಶುರುವಾಗಿದೆ. ಇನ್ನೊಂದ್ಸಲ ತಗೊಂಡ್ರೆ ಸರಿಹೋಗುತ್ತಾ?"

ಮಾದಕ ವಸ್ತುಗಳ ವಿಷಯ ಹಿಡಿದು ಆಪ್ತಸಲಹೆಗೆ ಬರುವವರು ಬಹುಪಾಲು ಬಿಡುವ ದಾರಿ ಕೇಳುತ್ತಾರೆ. ಅವರು ಕೇಳದಿದ್ದರೆ ಜೊತೆಗೆ ಬಂದ ಮನೆಯವರು ಕೇಳುತ್ತಾರೆ. ಈ ಯುವಕ ಒಬ್ಬನೇ ಬಂದಿದ್ದ, ಒಮ್ಮೆ ತಿಂದಿದ್ದ, ಭ್ರಮೆ ತರಿಸುವ ಅಣಬೆಯನ್ನು ಮತ್ತೆ ತೆಗೆದುಕೊಳ್ಳಲು ನನ್ನ ಒಪ್ಪಿಗೆ ಬೇಡುತ್ತಿದ್ದ. (ಆತನ ಮತ್ತು ಆತನ ಅಕ್ಕನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತು ದಾಟಿದ ವಯಸ್ಸು, ಮದುವೆಯಾಗಿಲ್ಲ, ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಮಹಾ ಮುಂಗೋಪಿ ಎಂಬುದು ಆತ ತನಗೆ ತಾನೇ ಕೊಟ್ಟುಕೊಂಡ ಬಿರುದು. ತಂದೆಯ ಜೊತೆ ಮಾತುಕತೆ ಹಲವು ವರ್ಷಗಳಿಂದ ಅಷ್ಟಕ್ಕಷ್ಟೇ. ಗೆಳೆಯರ ಜೊತೆ ರಜೆ ಕಳೆಯಲು ಹೋದಾಗ ಅವರಲ್ಲೊಬ್ಬ ತಂದಿದ್ದ ಒಣಗಿದ 'ಮ್ಯಾಜಿಕ್ ಮಶ್ರೂಮ್' ಅಣಬೆ ತಿಂದಿದ್ದ. ಮೊದಲು ಹೊಟ್ಟೆ ತೊಳಸಿತು, ಆಮೇಲೆ ಕಾರಣವಿಲ್ಲದ ನಗು, ಆಮೇಲೆ ಭಯ. ಭಯ ಇಳಿದ ಮೇಲೆ ಆದದ್ದನ್ನು ಹೇಳುವಾಗ ಆತನ ದನಿ ತಗ್ಗಿತು. "ನಾನು ಅನ್ನೋದೇ ಇರಲಿಲ್ಲ ಮೇಡಂ. ಎದುರಿನ ಗೋಡೆ, ಪಕ್ಕದವನ ಉಸಿರು, ಹೊರಗಿನ ಮಳೆ, ಎಲ್ಲಾ ಒಂದೇ ಆಗಿತ್ತು. ಆಮೇಲೆ ಅಪ್ಪನ ಮುಖ ಬಂತು. ಹೆದರಿಕೊಂಡ ಹುಡುಗನ ಥರ ಕಂಡರು. ಜೀವನದಲ್ಲಿ ಅಷ್ಟು ಅತ್ತಿದ್ದೇ ಇಲ್ಲ."

ಮರುವಾರ ತಂದೆಗೆ ಫೋನ್ ಮಾಡಿ ಕ್ಷಮೆ ಕೇಳಿದ. ಸಂಜೆಯ ಕುಡಿತ ತಾನಾಗಿ ನಿಂತಿತು. ಕಚೇರಿಯಲ್ಲಿ ರೇಗುವುದೂ ನಿಂತಿತು. ಈ ಕೆಲಸ ಬಿಟ್ಟು ಅರ್ಥವಿರುವ ಏನನ್ನಾದರೂ ಮಾಡುತ್ತೇನೆಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಹೀಗೆ ತಿಂಗಳುಗಳು ಕಳೆದವು. ಒಂದು ದಿನ ಮೀಟಿಂಗಿನಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳ ಮೇಲೆ ಎಲ್ಲರೆದುರು ಕಿರುಚಿಬಿಟ್ಟ. ಆಕೆ ಎದ್ದು ಹೊರಗೆ ಹೋದಳು. ಆ ರಾತ್ರಿ ಅಣಬೆ ತಂದಿದ್ದ ಗೆಳೆಯನಿಗೆ ಫೋನ್ ಮಾಡಿದಾಗ ಸಿಕ್ಕ ಪರಿಹಾರ: "ಡೋಸ್ ಕಮ್ಮಿ ಆಗಿತ್ತು ಕಣೋ. ಈ ಸಲ ಡಬಲ್ ಹೊಡಿ."

ಡಬಲ್ ಹೊಡೆಯುವ ಮೊದಲು ನನ್ನ ಬಳಿ ಬಂದದ್ದು ಆತನ ಪುಣ್ಯ.

ಇಂಥ ಸಂದರ್ಭದಲ್ಲಿ ನಾನು ಕೇಳುವ ಮೊದಲ ಪ್ರಶ್ನೆಗಳು ಬಹಳ ನೀರಸವಾದವು. ನಿದ್ದೆ ಕೆಟ್ಟಿದೆಯೇ? ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ? ಚಲಿಸುವ ವಸ್ತುವಿನ ಹಿಂದೆ ಬೆಳಕಿನ ಜಾಡು ಕಾಣುವುದು, ಗೋಡೆಯ ಚಿತ್ತಾರ ಅಲುಗಾಡಿದಂತೆ ಆಗುವುದು ಈಗಲೂ ಉಂಟೇ? (ಅಪರೂಪಕ್ಕೆ ಕೆಲವರಲ್ಲಿ ಇದು ತಿಂಗಳುಗಟ್ಟಲೆ ಉಳಿಯುತ್ತದೆ. ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೊಂದು ಹೆಸರೂ ಇದೆ.) ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ, ವಿಶೇಷವಾಗಿ ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ? ಲಿಥಿಯಂ ತೆಗೆದುಕೊಳ್ಳುವವರು ಇಂಥ ಅಮಲಿನ ವಸ್ತುಗಳನ್ನು ಸೇವಿಸಿ ಫಿಟ್ಸ್ ಬಂದ ವರದಿಗಳು ಸಾಕಷ್ಟಿವೆ. ಬದುಕು ಸಾಕು ಅನ್ನಿಸಿದ್ದುಂಟೇ? ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇತ್ತೇ? ಎಲ್ಲಕ್ಕೂ ಆತನ ಉತ್ತರ "ಇಲ್ಲ". ಕೊನೆಯ ಪ್ರಶ್ನೆಗೂ ಅಷ್ಟೇ ಸಲೀಸಾಗಿ "ಇಲ್ಲ" ಅಂದ.

ಆಮೇಲೆ ಆತನ ಪ್ರಶ್ನೆಗೆ ಬಂದೆವು. ಓದಿಕೊಂಡ ಹುಡುಗ. "ಡ್ರಗ್ಸ್ ಕೆಟ್ಟದ್ದು, ಮುಟ್ಟಬೇಡ" ಎಂದಷ್ಟೇ ಹೇಳಿದ್ದರೆ ತಲೆಯಾಡಿಸಿ ಹೋಗಿ ಡಬಲ್ ತಿನ್ನುತ್ತಿದ್ದ. ಹಾಗಾಗಿ ಗೊತ್ತಿರುವುದನ್ನು ಗೊತ್ತಿರುವ ಹಾಗೆಯೇ ಮುಂದಿಟ್ಟೆ.

ಒಂದೇ ಡೋಸು ಮನುಷ್ಯನ ನೋಟವನ್ನು ದೀರ್ಘಕಾಲಕ್ಕೆ ಬದಲಿಸಬಲ್ಲದೇ? ಕೆಲವರಲ್ಲಿ, ಕೆಲವು ಸನ್ನಿವೇಶಗಳಲ್ಲಿ, ಹೌದು. 1962ರಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ, ಗುಡ್ ಫ್ರೈಡೇ ದಿನ, ವಾಲ್ಟರ್ ಪಾಂಕೆ ಎಂಬ ಸಂಶೋಧಕ 20 ಮಂದಿ ದೇವತಾಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಅರ್ಧ ಜನಕ್ಕೆ ಈ ಅಣಬೆಗಳ ಸಾರವಾದ ಸೈಲೊಸೈಬಿನ್, ಉಳಿದವರಿಗೆ ಮೈ ಬಿಸಿಯೇರಿಸುವ ಒಂದು ವಿಟಮಿನ್. ಸುಮಾರು ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಎಂಬ ಇನ್ನೊಬ್ಬ ಸಂಶೋಧಕ ಆ 20 ಮಂದಿಯಲ್ಲಿ ಬಹುಪಾಲು ಜನರನ್ನು ಹುಡುಕಿ ಮಾತನಾಡಿಸಿದಾಗ, ಸೈಲೊಸೈಬಿನ್ ಪಡೆದವರು ಆ ದಿನ ತಮ್ಮ ಬದುಕಿನ ಮೇಲೆ ಒಳ್ಳೆಯ ಗುರುತು ಉಳಿಸಿದೆ ಎಂದೇ ಹೇಳಿದರು. ಗೆಳೆಯರ ಗುಂಪಿನಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಅದೇ ಡಾಬ್ಲಿನ್ 1991ರಲ್ಲಿ ಪ್ರಕಟಿಸಿದ ಬರಹದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಂದು ಒಬ್ಬ ವಿದ್ಯಾರ್ಥಿಯ ಸ್ಥಿತಿ ಕೈಮೀರಿ, ಶಾಂತಗೊಳಿಸಲು ಇಂಜೆಕ್ಷನ್ ಕೊಡಬೇಕಾಗಿತ್ತು. ಮೂಲ ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡ 36 ಜನರಿಗೆ ಸೈಲೊಸೈಬಿನ್ ಕೊಟ್ಟು ಇನ್ನಷ್ಟು ಬಿಗಿಯಾಗಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. 14 ತಿಂಗಳ ನಂತರವೂ ಶೇ 58ರಷ್ಟು ಮಂದಿ ಆ ಅನುಭವವನ್ನು ಬದುಕಿನ ಅತ್ಯಂತ ಅರ್ಥಪೂರ್ಣ ಐದು ಸಂಗತಿಗಳ ಸಾಲಿಗೆ ಸೇರಿಸಿದರು. ನನಗೆ ಈ ಶೇಕಡಾವಾರಿಗಿಂತ ಮುಖ್ಯ ಅನ್ನಿಸುವುದು ಆ ತಂಡ ಮಾಡಿದ ಇನ್ನೊಂದು ಕೆಲಸ. ಅವರು ಭಾಗವಹಿಸಿದವರ ಮನೆಯವರನ್ನು, ಸ್ನೇಹಿತರನ್ನು, ಸಹೋದ್ಯೋಗಿಗಳನ್ನೂ ವಿಚಾರಿಸಿದರು. ಈ ಹೊರಗಿನವರ ಕಣ್ಣಿಗೂ ಒಳ್ಳೆಯ ಬದಲಾವಣೆ ಕಂಡಿತ್ತು, ಆದರೆ ಸಣ್ಣ ಪ್ರಮಾಣದಲ್ಲಿ. ಮೂರರಲ್ಲಿ ಒಂದು ಪಾಲು ಜನ ಆ ಕೆಲವು ಗಂಟೆಗಳಲ್ಲಿ ತೀವ್ರ ಭಯವನ್ನೂ ಅನುಭವಿಸಿದ್ದರು. ಅವರೆಲ್ಲ ಮೊದಲೇ ತಪಾಸಣೆಯಾದವರು, ಪಕ್ಕದಲ್ಲಿ ತರಬೇತಾದ ಮೇಲ್ವಿಚಾರಕರನ್ನು ಇಟ್ಟುಕೊಂಡು ಅಳೆದು ಕೊಟ್ಟ ಡೋಸು ಪಡೆದವರು. ಗೆಳೆಯನ ಜೇಬಿನ ಒಣ ಅಣಬೆಗೆ ಈ ಯಾವುದೂ ಅನ್ವಯಿಸುವುದಿಲ್ಲ.

"ಹಾಗಾದ್ರೆ ನನಗ್ಯಾಕೆ ಇಳಿದುಹೋಯ್ತು?" ಅಂತ ಆತ ನಡುವೆ ಬಾಯಿ ಹಾಕಿದ.

ಇಳಿಯುವುದು ಆತನೊಬ್ಬನ ಹಣೆಬರಹವಲ್ಲ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 233 ಜನ ಇದ್ದರು. 25 ಮಿಲಿಗ್ರಾಂ ಸೈಲೊಸೈಬಿನ್ ಪಡೆದವರಲ್ಲಿ ಮೂರನೆಯ ವಾರಕ್ಕೆ ಗಣನೀಯ ಸುಧಾರಣೆ ಇತ್ತು. 12ನೆಯ ವಾರದವರೆಗೂ ಅದನ್ನು ಉಳಿಸಿಕೊಂಡವರು ಅವರಲ್ಲಿ ಶೇ 20ರಷ್ಟು ಮಾತ್ರ. ಸೈಲೊಸೈಬಿನ್ ದೇಹದಲ್ಲಿ ಸೈಲೊಸಿನ್ ಆಗಿ ಮಾರ್ಪಟ್ಟು ಮಿದುಳಿನ ಸೆರೊಟೋನಿನ್ 2ಎ ರಿಸೆಪ್ಟರ್‌ಗಳನ್ನು (ನರಕೋಶಗಳು ರಾಸಾಯನಿಕ ಸಂದೇಶ ಹಿಡಿಯುವ ತಾಣಗಳನ್ನು) ಕೆಣಕುತ್ತದೆ. ನಾವು ನಮ್ಮ ಬಗ್ಗೆಯೇ ಮೆಲುಕು ಹಾಕುವಾಗ ಜೊತೆಗೂಡಿ ದುಡಿಯುವ ಭಾಗಗಳ ಹೊಂದಾಣಿಕೆ ಆ ನಾಲ್ಕಾರು ಗಂಟೆ ಸಡಿಲವಾಗುತ್ತದೆ. 2021ರಲ್ಲಿ ಇಲಿಗಳಲ್ಲಿ ಕಂಡುಕೊಂಡಂತೆ, ಒಂದೇ ಡೋಸಿನ ನಂತರ ನರಕೋಶಗಳ ಮೇಲಿನ, ಒಂದಕ್ಕೊಂದು ಸಂಪರ್ಕ ಕೊಡುವ ಮುಳ್ಳಿನಂಥ ಚಿಗುರುಗಳು ಸುಮಾರು ಶೇ 10ರಷ್ಟು ಹೆಚ್ಚಿದವು, ಅವುಗಳಲ್ಲಿ ಕೆಲವು ಒಂದು ತಿಂಗಳ ನಂತರವೂ ಉಳಿದವು. ಇಲಿಗೆ ಅಪ್ಪನ ಜೊತೆ ಜಗಳವಿರುವುದಿಲ್ಲ, ಆದ್ದರಿಂದ ಅಲ್ಲಿಂದ ನೇರವಾಗಿ ನಮ್ಮ ಬದುಕಿಗೆ ಹಾರಬಾರದು. ಆದರೂ ಒಂದು ಸುಳಿವು ಸಿಗುತ್ತದೆ. ಮೊದಲ ಮಳೆಗೆ ನೆಲ ಸಡಿಲವಾಗುತ್ತದೆ, ಏನನ್ನೂ ಬಿತ್ತದಿದ್ದರೆ ಏಳುವುದು ಹಳೆಯ ಕಳೆಯೇ.

ಬಿತ್ತುವ ಮಾತಿಗೂ ಆಧಾರವಿದೆ. ಗ್ರಿಫಿತ್ಸ್ ತಂಡವೇ ಇನ್ನೊಂದು ಅಧ್ಯಯನದಲ್ಲಿ 75 ಜನರಿಗೆ ಧ್ಯಾನ, ದಿನಚರಿ ಬರೆಯುವುದು ಮುಂತಾದ ಅಭ್ಯಾಸಗಳನ್ನೂ ಜೊತೆಗೆ ಕೊಟ್ಟಿತು. ಸಮಾನವಾದ ದೊಡ್ಡ ಡೋಸು ಪಡೆದ ಎರಡು ಗುಂಪುಗಳಲ್ಲಿ, ಈ ಅಭ್ಯಾಸಗಳಿಗೆ ಹೆಚ್ಚು ಬೆಂಬಲ ಪಡೆದ ಗುಂಪಿನಲ್ಲೇ ಆರು ತಿಂಗಳ ನಂತರದ ಫಲ ಹೆಚ್ಚಾಗಿತ್ತು. ಈತನನ್ನು ಕೇಳಿದೆ: ಆ ರಾತ್ರಿಯ ನಂತರ ದಿನವೂ ಏನು ಮಾಡುತ್ತಿದ್ದಿರಿ? ಸ್ವಲ್ಪ ಯೋಚಿಸಿ, "ಅದರ ಬಗ್ಗೆ ವಿಡಿಯೋ ನೋಡ್ತಿದ್ದೆ" ಅಂದ.

ಎರಡನೆಯ ಭೇಟಿಗೆ ಎರಡು ಬೇಡಿಕೆ ಇಟ್ಟೆ. ಆ ರಾತ್ರಿ ಏನಾದರೂ ಬರೆದಿದ್ದರೆ ತನ್ನಿ. ಜೊತೆಗೆ ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರನ್ನು ಕರೆತನ್ನಿ. ನೋಟ್‌ಬುಕ್ಕೂ ಬಂತು, ಆತನಿಗಿಂತ ಹತ್ತು ವರ್ಷ ದೊಡ್ಡವರಾದ ಅಕ್ಕನೂ ಬಂದರು.

ಗೆರೆ ಹಾಕಿದ ಸಣ್ಣ ಪುಸ್ತಕ. ಆ ರಾತ್ರಿಯ ಪುಟದಲ್ಲಿ ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತಿದ್ದವು. "ಎಲ್ಲಾ ಒಂದೇ" ಎಂದು ಮೂರು ಸಲ. ಅದರ ಕೆಳಗೆ "ನೀರು ಕುಡಿ". ಅದರ ಕೆಳಗೆ "ಅಪ್ಪನಿಗೆ ಹೆದರಿಕೆ. ನನಗೂ." ಕೊನೆಯ ಅಕ್ಷರದ ಬಾಲ ಪುಟದ ಅಂಚಿನವರೆಗೂ ಎಳೆದುಕೊಂಡು ಹೋಗಿತ್ತು. ಆತನಿಗೆ ಮೊದಲ ಸಾಲು ದೊಡ್ಡದು. ನನಗೆ ಮೂರನೆಯದು. ಎಲ್ಲವೂ ಒಂದೇ ಎಂಬುದನ್ನು ಇಟ್ಟುಕೊಂಡು ಸೋಮವಾರ ಬೆಳಗ್ಗೆ ಏನು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅಪ್ಪನಿಗೆ ಹೆದರಿಕೆ ಇದೆ ಎಂಬುದನ್ನು ಇಟ್ಟುಕೊಂಡು ಮಾಡುವುದು ಬಹಳಷ್ಟಿದೆ. ಎರಡನೆಯ ಸಾಲಿನ ಬಗ್ಗೆ ನನ್ನ ತಕರಾರಿಲ್ಲ.

ನಾಲ್ಕೈದು ಪುಟ ಹಿಂದಕ್ಕೆ ತಿರುಗಿಸಿದೆ. ಅಣಬೆ ತಿಂದ ರಾತ್ರಿಗಿಂತ ಎಷ್ಟೋ ವಾರ ಮೊದಲಿನ ತಾರೀಖಿನಲ್ಲಿ, ನೆಟ್ಟಗಿನ ಅಕ್ಷರದಲ್ಲಿ, "ಈ ಕೆಲಸದಲ್ಲಿ ಕೊಳೆಯುತ್ತಿದ್ದೇನೆ, ಬಿಡಬೇಕು" ಎಂದಿತ್ತು. ಅಣಬೆ ಹೇಳಿಕೊಟ್ಟಿತೆಂದು ಆತ ನಂಬಿದ್ದ ನಿರ್ಧಾರ ಅದಕ್ಕಿಂತ ಹಳೆಯದು. ಪುಸ್ತಕ ತಿರುಗಿಸಿ ತೋರಿಸಿದಾಗ ಆತ ಸುಮಾರು ಹೊತ್ತು ಅದನ್ನೇ ನೋಡಿದ.

ಅಕ್ಕನನ್ನು ಕೇಳಿದೆ, ನಿಮಗೆ ಏನು ಬದಲಾವಣೆ ಕಂಡಿತು ಅಂತ. ಅವರಿಗೆ ಮುಚ್ಚುಮರೆ ಇಲ್ಲ. "ಬದಲಾಗಿದ್ದು ನಿಜ ಮೇಡಂ. ಮೊದಲು ಕೂಗಾಡ್ತಿದ್ದ, ಆಮೇಲೆ ಪ್ರವಚನ ಶುರು ಮಾಡಿದ. ಕೂಗಾಟಕ್ಕಾದ್ರೂ ನಾವು ತಿರುಗಿಸಿ ಕೂಗಬಹುದಿತ್ತು. ಅಪ್ಪಂಗೆ ಫೋನ್ ಮಾಡಿ ಅತ್ತು ಕ್ಷಮೆ ಕೇಳಿದ ನೋಡಿ, ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಇವನಿಗೇನೋ ದೊಡ್ಡ ಕಾಯಿಲೆ ಬಂದಿದೆ, ಮುಚ್ಚಿಡ್ತಿದ್ದಾನೆ ಅಂತ."

"ಅಕ್ಕಾ, ಇದನ್ನ ನೀನು ಹೇಳಲೇ ಇಲ್ಲವಲ್ಲ?"

"ನೀನು ಮಾತಾಡೋದು ನಿಲ್ಲಿಸಿದ್ರೆ ತಾನೆ ಕಣೋ."

ಆಮೇಲೆ ತಾವಾಗಿಯೇ ಸೇರಿಸಿದರು: "ಒಂದು ಮಾತ್ರ ಹೇಳ್ಬೇಕು. ಮೊದಲೆಲ್ಲ ಅಪ್ಪ ಬಾಯಿ ತೆಗೆದ ಕೂಡಲೇ ಇವನು ಅಡ್ಡ ಮಾತಾಡ್ತಿದ್ದ. ಈಗ ಅವರು ಮುಗಿಸೋವರೆಗೂ ಕೇಳಿಸ್ಕೋತಾನೆ. ಮೊನ್ನೆನೂ ಕೇಳಿಸ್ಕೊಂಡ."

ಎಲ್ಲವೂ ಇಳಿದುಹೋಯಿತೆಂದು ಗೋಳಾಡುತ್ತಿದ್ದವನಿಗೆ ತನ್ನಲ್ಲಿ ಉಳಿದಿದ್ದ ಈ ಒಂದು ಬದಲಾವಣೆ ಲೆಕ್ಕಕ್ಕೇ ಬಂದಿರಲಿಲ್ಲ. ಆತ ಹುಡುಕುತ್ತಿದ್ದದ್ದು ಆ ರಾತ್ರಿಯ ಹಗುರತನವನ್ನು. ಅದು ಅಮಲಿನ ಭಾಗ, ಅಮಲಿನ ಜೊತೆಗೇ ಹೋಗುತ್ತದೆ.

ಮನೆತನದ ಕಾಯಿಲೆಯ ಪ್ರಶ್ನೆಯನ್ನು ಅಕ್ಕನಿಗೂ ಕೇಳಿದೆ. ಇದನ್ನು ಮನೆಯ ಹಿರಿಯರೊಬ್ಬರಿಂದ ಖಚಿತಪಡಿಸಿಕೊಳ್ಳುವುದು ನನ್ನ ರೂಢಿ. ಅವರು ತಮ್ಮನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಚಿಕ್ಕಪ್ಪ ಒಬ್ಬರಿದ್ದರು. ಇಪ್ಪತ್ತರ ಹರೆಯದಲ್ಲಿ ದನಿಗಳು ಕೇಳತೊಡಗಿ, ಊಟದಲ್ಲಿ ವಿಷ ಹಾಕಿದ್ದಾರೆಂದು ತಟ್ಟೆ ತಳ್ಳುತ್ತಿದ್ದರು. ಬಹಳ ವರ್ಷ ಚಿಕಿತ್ಸೆಯಲ್ಲಿದ್ದರು. ತಮ್ಮನಿಗೆ ಗೊತ್ತಿದ್ದದ್ದು ಚಿಕ್ಕಪ್ಪ ಮನೆ ಬಿಟ್ಟು ದೂರ ಹೋದರು ಎಂಬ ಕಥೆ. ಆ ದಿನಗಳಲ್ಲಿ ರಾತ್ರಿಯಿಡೀ ಕಾವಲು ಕೂತವರು ಇವರ ತಂದೆ.

ಆತ ಎದ್ದುನಿಂತ. ಕಣ್ಣು ಹೊಳೆಯುತ್ತಿತ್ತು. "ನೋಡಿದ್ರಾ ಮೇಡಂ? ಅಪ್ಪ ಹೆದರಿದ್ದು ನನಗೆ ಕಂಡಿತ್ತು! ಅದು ನಿಜಾನೇ ತೋರಿಸಿದ್ದು!"

ಅಲ್ಲೇ ತಡೆದೆ. ಈ ವಸ್ತುಗಳು ಚಿತ್ರಗಳನ್ನಷ್ಟೇ ತೋರಿಸಿ ಸುಮ್ಮನಾಗುವುದಿಲ್ಲ, 'ಇದೇ ಸತ್ಯ' ಎಂಬ ಖಾತ್ರಿಯನ್ನೂ ಅದರ ಮೇಲೆ ಮುದ್ರೆಯಂತೆ ಒತ್ತುತ್ತವೆ. ಕಂಡದ್ದು ನಿಜವಿದ್ದರೂ ಸುಳ್ಳಿದ್ದರೂ ಖಾತ್ರಿ ಒಂದೇ ತೂಕದ್ದು. ಜಗತ್ತೆಲ್ಲ ಚೇತನವೇ, ಭೌತಿಕ ಜಗತ್ತಿನಾಚೆ ಏನೋ ಇದೆ ಎಂಬಂಥ ನಂಬಿಕೆಗಳ ಕಡೆಗೆ ಜನ ವಾಲುವುದನ್ನು, ಆ ವಾಲಿಕೆ ಆರು ತಿಂಗಳ ನಂತರವೂ ಉಳಿಯುವುದನ್ನು 2021ರ ಅಧ್ಯಯನವೊಂದು ದಾಖಲಿಸಿದೆ. ನಂಬಿಕೆ ಉಳಿಯಿತು ಎಂಬುದರಿಂದ ಅದು ಸರಿ ಎಂದಾಗಲಿ ತಪ್ಪು ಎಂದಾಗಲಿ ಹೇಳಲಾಗದು. ನಿರೀಕ್ಷೆಯ ಬಲವೂ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 33 ವಿದ್ಯಾರ್ಥಿಗಳಿಗೆ ಸೈಕೆಡೆಲಿಕ್ (ಭ್ರಮೆ ತರಿಸುವ) ಔಷಧವೆಂದು ಹೇಳಿ ಬರೀ ಹುಸಿ ಮಾತ್ರೆ ಕೊಟ್ಟರು. ಬಣ್ಣದ ದೀಪ, ಸಂಗೀತ ಎಲ್ಲ ಇದ್ದ ಕೋಣೆ. ಶೇ 61ರಷ್ಟು ಮಂದಿ ಏನೋ ಪರಿಣಾಮ ಆಯಿತೆಂದರು. ಇಷ್ಟಕ್ಕೂ, ತಂದೆ ಹೆದರಿದವರೆಂದು ಈತನಿಗೆ ಬಾಲ್ಯದಿಂದ ಗೊತ್ತಿರದೆ ಇರಲು ಸಾಧ್ಯವೇ? ಅದೇ ಮನೆಯಲ್ಲಿ ಬೆಳೆದ ಮಗು. ಯಾರೂ ಬಾಯಿಬಿಡದ ಗುಟ್ಟಿನ ಸುತ್ತ ದೊಡ್ಡವರ ಮುಖ ಹೇಗಿರುತ್ತದೆಂದು ಮಕ್ಕಳು ನೋಡಿಯೇ ಇರುತ್ತಾರೆ.

ಆತ ಕೂತ. ಒಪ್ಪಿದನೆಂದು ಹೇಳಲಾರೆ.

ಕೊಟ್ಟ ಸಲಹೆ ಇಷ್ಟು. ಎರಡನೆಯ ಡೋಸು ಬೇಡ, ಡಬಲ್ಲೂ ಬೇಡ, ಚೂರೂ ಬೇಡ. ಇದರಲ್ಲಿ ನಾನು ಮಾತು ಸಡಿಲ ಬಿಡಲಿಲ್ಲ. ಚಿಕ್ಕಪ್ಪನಂಥ ಹತ್ತಿರದ ಸಂಬಂಧಿಗೆ ಮನೋವಿಕಲತೆ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ) ಇದ್ದವರನ್ನು ಸಂಶೋಧಕರು ಸಾಮಾನ್ಯವಾಗಿ ಇಂಥ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದೇ ಇಲ್ಲ. ಮೊದಲ ಸಲ ಏನೂ ಆಗಲಿಲ್ಲವಲ್ಲ ಎಂಬ ವಾದ ಎರಡನೆಯ ಸಲಕ್ಕೆ ರಕ್ಷಣೆ ಆಗದು. ಅಣಬೆಯಿಂದ ಅಣಬೆಗೆ ಸೈಲೊಸೈಬಿನ್ ಪ್ರಮಾಣ ಬದಲಾಗುವುದರಿಂದ 'ಡಬಲ್' ಎಂದರೆ ಎಷ್ಟೆಂದು ಆ ಗೆಳೆಯನಿಗೂ ತಿಳಿಯದು. ಸೈಲೊಸೈಬಿನ್, ಅದರಂತೆಯೇ ಭ್ರಮೆ ತರಿಸುವ ಎಲ್‌ಎಸ್‌ಡಿ ಎರಡೂ 1971ರ ವಿಶ್ವಸಂಸ್ಥೆಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿವೆ, ಬಹುತೇಕ ದೇಶಗಳಲ್ಲಿ ಇಟ್ಟುಕೊಂಡರೂ ಅಪರಾಧ ಎಂಬುದನ್ನೂ ನೆನಪಿಸಿದೆ. ಕಾನೂನಿಗೆ ಆತ ಹೆದರಲಿಲ್ಲ, ಚಿಕ್ಕಪ್ಪನ ಕಥೆಗೆ ಹೆದರಿದ.

ಒಮ್ಮೆ ಮನೋವೈದ್ಯರನ್ನು ಕಂಡು ಚಿಕ್ಕಪ್ಪನ ವಿಷಯ, ಅಣಬೆಯ ವಿಷಯ ಎರಡನ್ನೂ ಮುಚ್ಚಿಡದೆ ಹೇಳಲು ತಿಳಿಸಿದೆ. ನಿದ್ದೆ ಕಡಿಮೆಯಾಗಿಯೂ ದಣಿವೇ ಆಗದ ದಿನಗಳು ಬಂದರೆ, ತನಗೆ ವಿಶೇಷ ಸಂದೇಶಗಳು ಬರುತ್ತಿವೆ ಅನ್ನಿಸಿದರೆ, ಭೇಟಿಯ ದಿನಕ್ಕೆ ಕಾಯದೆ ಹೋಗಬೇಕು. ಆ ಲಕ್ಷಣಗಳನ್ನು ಅಕ್ಕನಿಗೆ ಬರೆದುಕೊಟ್ಟೆ, ಏಕೆಂದರೆ ಅಂಥ ದಿನಗಳಲ್ಲಿ ಆತನಿಗೆ ತಾನು ಪರಮ ಆರೋಗ್ಯವಂತನೆಂದೇ ಅನ್ನಿಸುತ್ತದೆ.

ಕೆಲಸ ಬಿಡುವ ವಿಚಾರವನ್ನು ಆ ರಾತ್ರಿಯಿಂದ ಬಿಡಿಸಿ ಬೇರೆ ಇಡಲು ಹೇಳಿದೆ. ಬಿಡಲು ಕಾರಣಗಳು ಮೊದಲೇ ಇದ್ದವು, ಹಾಗಾದರೆ ಬೇರೆ ಯಾರಾದರೂ ಕೆಲಸ ಬಿಡುವಾಗ ನೋಡುವುದನ್ನೇ ಇಲ್ಲೂ ನೋಡಬೇಕು: ಕೈಯಲ್ಲಿ ಎಷ್ಟು ದುಡ್ಡಿದೆ, ಮುಂದೇನು, ಯಾರು ನಂಬಿಕೊಂಡಿದ್ದಾರೆ. ಇಂಥ ಅನುಭವದ ನಂತರದ ತಿಂಗಳುಗಳಲ್ಲಿ ಮದುವೆ, ವಿಚ್ಛೇದನ, ರಾಜೀನಾಮೆ, ಆಸ್ತಿ ಮಾರಾಟ ಯಾವುದಕ್ಕೂ ಸಹಿ ಹಾಕಬಾರದೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಈತನಿಗೆ ಆ ಕಾಲ ಕಳೆದಿತ್ತು, ಆದರೂ ಹೇಳಿದೆ.

ಸಿಟ್ಟಿಗೆ ಬೇರೆಯೇ ಕೆಲಸ ಬೇಕಿತ್ತು. ಮೀಟಿಂಗಿನಲ್ಲಿ ಕಿರುಚುವ ಮೊದಲು ದವಡೆ ಬಿಗಿಯುತ್ತದೆ ಎಂದು ಆತನೇ ಗುರುತಿಸಿದ. ಬಿಗಿದಾಗ ಉತ್ತರ ಕೊಡಬಾರದು, ನೀರು ಕುಡಿಯಬೇಕು ಎಂದು ಗೊತ್ತು ಮಾಡಿಕೊಂಡೆವು. ನೋಟ್‌ಬುಕ್ಕಿನ ಎರಡನೆಯ ಸಾಲು ಹೀಗೆ ಉಪಯೋಗಕ್ಕೆ ಬಂತು, ಇಬ್ಬರೂ ನಕ್ಕೆವು. ಆ ಸಹೋದ್ಯೋಗಿಯ ಬಳಿ ಕ್ಷಮೆ ಕೇಳುವಾಗ ಬ್ರಹ್ಮಾಂಡದ ಮಾತು ತರಬಾರದು, ಕಿರುಚಿದ್ದು ತಪ್ಪಾಯಿತು ಎಂದಷ್ಟೇ ಹೇಳಬೇಕು ಎಂದು ತಾಕೀತು ಮಾಡಿದೆ. ತಂದೆಯ ಬಳಿ ವಾರಕ್ಕೊಮ್ಮೆ ಕೂರಬೇಕು, ಕೇಳಿಸಿಕೊಳ್ಳುವುದನ್ನು ಮುಂದುವರಿಸಬೇಕು.

ಮನೋವೈದ್ಯರು ಸದ್ಯಕ್ಕೆ ಕಾಯಿಲೆಯ ಲಕ್ಷಣವಿಲ್ಲ ಎಂದು ಹೇಳಿ, ಆಗಾಗ ಬಂದು ಹೋಗಲು ತಿಳಿಸಿದ್ದಾರೆ. ಕೆಲಸ ಇನ್ನೂ ಬಿಟ್ಟಿಲ್ಲ, ಬೇರೆ ಕಡೆ ಅರ್ಜಿ ಹಾಕಿದ್ದಾನೆ. ಸಿಟ್ಟು ಒಮ್ಮೊಮ್ಮೆ ಬರುತ್ತದೆ, ಕಿರುಚಾಟ ಕಡಿಮೆಯಾಗಿದೆ. ಇದು ಅಕ್ಕನ ವರದಿ, ಆದ್ದರಿಂದ ನಂಬುತ್ತೇನೆ. ತಾನು ಅಂದು ಕಂಡದ್ದೇ ಸತ್ಯವೆಂಬ ನಿಲುವನ್ನು ಆತ ಬಿಟ್ಟಿಲ್ಲ. ಅದರ ಬಗ್ಗೆ ನಾನು ವಾದಕ್ಕೆ ಇಳಿಯುವುದೂ ಇಲ್ಲ.

ಅಣಬೆಯ ವಿಷಯ ತಂದೆಗೆ ಹೇಳಬೇಕೇ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಆತ ಹೇಳಲೇಬೇಕು ಅನ್ನುತ್ತಾನೆ. ಚಿಕ್ಕಪ್ಪ ಹೋದ ದಾರಿ ಕಂಡವರು ಅಪ್ಪ, ಇನ್ನೊಮ್ಮೆ ರಾತ್ರಿ ಕಾವಲು ಕೂರುವಂತೆ ಮಾಡಬೇಡ ಎಂದು ಅಕ್ಕ ಅನ್ನುತ್ತಾರೆ. ಚಿಕ್ಕಪ್ಪನ ಮಾತು ಮೊದಲು ತಂದೆಯ ಬಾಯಿಂದ ಬರಲಿ, ಆಮೇಲೆ ನಿಮ್ಮದು ಹೇಳಿ ಎಂಬುದು ನನ್ನ ಸಲಹೆ. ಅದನ್ನು ಅವರ ಬಳಿ ಎತ್ತುವುದು ಹೇಗೆ ಎಂದು ಮುಂದಿನ ಭೇಟಿಯಲ್ಲಿ ಮೂವರೂ ಕೂತು ಮಾತಾಡಲಿದ್ದೇವೆ.